ಮಹಿಳಾ ವಿಭಾಗದಲ್ಲಿ ಗಟ್ಟಿ ಓದು

ಹಾನಗಲ್ಲು, ಶಿಗ್ಗಾಂವ, ಸವಣೂರು, ಹಿರೇಕೆರೂರು, ಈ ನಾಲ್ಕರ ಪೈಕಿ ಒಂದೂರಿನ ಗ್ರಂಥಾಲಯದ ಮಾತಿದು. ಯಾವ ಊರೆಂದು ಹೇಳುವುದಿಲ್ಲ. ಹೇಳಿದರೆ ಉಳಿದ ಮೂರೂರಿನವರು ತಾವು ಮೇಲೆಂದು ಬೀಗುತ್ತಾರೆ. ಹಾಗೆ ಬೀಗುವ ಯೋಗ್ಯತೆ ಯಾರಿಗೂ ಇಲ್ಲ.

ಖಾಸಗಿ ಶಾಲೆಯೊಂದರಲ್ಲಿ ಬೆಳಗಿನ ಹೊತ್ತು ಪಾಠ ಮಾಡುತ್ತಿದ್ದೆ. ಉಪನ್ಯಾಸಕರ ಪರೀಕ್ಷೆಗೆ ಇತಿಹಾಸವನ್ನು ನಾನಾಗಿಯೇ ಓದಿಕೊಳ್ಳಬೇಕಿತ್ತು. ಮನೆಯಲ್ಲಿ ಅಣ್ಣನ ಮಕ್ಕಳು, ಟೀವಿ, ಅದರ ಮೇಲೆ ಅವ್ವ. "ಇನ್ನೆಷ್ಟು ಓದ್ತೀಯವಾ?" ಎಂದು ದಿನಕ್ಕೆ ನಾಲ್ಕು ಸಲ ಕೇಳುವುದನ್ನೇ ಅವಳು ಅಕ್ಕರೆ ಎಂದುಕೊಂಡಿದ್ದಳು.

ಮೊದಲು ಹೆದ್ದಾರಿ ಪಕ್ಕದ ಒಂದು ಸ್ಟಡಿ ಸೆಂಟರಿಗೆ ಸೇರಿದೆ. ಅಲ್ಲಿ ಸದ್ದಿರಲಿಲ್ಲ, ಪುಸ್ತಕವೂ ಇರಲಿಲ್ಲ. ಪ್ಲೈವುಡ್ಡಿನ ಗೂಡುಗಳಲ್ಲಿ ನಾಳಿನ ಅಧಿಕಾರಿಗಳು ಹಳೆಯ ಪ್ರಶ್ನೆಪತ್ರಿಕೆಗಳ ಮೇಲೆ ಕೆನ್ನೆಯಿಟ್ಟು ಜೊಲ್ಲು ಸುರಿಸುತ್ತ ಮಲಗಿರುತ್ತಿದ್ದರು. ಎಚ್ಚರವಾದವರು ಕೂದಲು ತೀಡಿಕೊಂಡು, ಪುಸ್ತಕ ಮುಂದಿಟ್ಟು, ತಮ್ಮ ಫೋಟೋ ತಾವೇ ತೆಗೆದುಕೊಂಡು ಮತ್ತೆ ಮಲಗುತ್ತಿದ್ದರು. ನನಗೆ ಬೇಕಾಗಿದ್ದು ಶಾಸನಗಳ ಪುಸ್ತಕ. ಮಾಲೀಕನನ್ನು ಕೇಳಿದರೆ, "ವೈಫೈ ಐತಲ್ರಿ" ಎಂದ.

ಹಾಗಾಗಿ ಸಾರ್ವಜನಿಕ ಗ್ರಂಥಾಲಯಕ್ಕೆ ಹೋದೆ. ಪುಸ್ತಕಗಳೇನೋ ಇದ್ದವು, ನಂಬಲಾರದಷ್ಟು. ಶಾಸನ ಸಂಪುಟಗಳು, ಜಿಲ್ಲೆಯ ಇತಿಹಾಸ, ದಪ್ಪ ನಿಘಂಟುಗಳು. ಎಲ್ಲವೂ ಅಚ್ಚಿನ ಮನೆಯಿಂದ ಬಂದ ಹಾಗೇ ಇದ್ದವು, ಎಷ್ಟೋ ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಊರಿನವರು ಅವನ್ನು ಅಷ್ಟು ಜೋಪಾನ ಮಾಡಿದ್ದರು. ಒಬ್ಬರೂ ಮುಟ್ಟಿರಲಿಲ್ಲ.

ಅವರು ಬರುತ್ತಿದ್ದದ್ದು ಫ್ಯಾನಿಗೆ. ಇಸ್ತ್ರಿ ಮಾಡಿದ ಧೋತರದ ಐದಾರು ಮಂದಿ ದೊಡ್ಡ ಮೇಜು ಹಿಡಿದು ಕೂರುತ್ತಿದ್ದರು. ಒಬ್ಬರು ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಉಳಿದವರು ಸರಕಾರ ನಡೆಸುವುದು. ಅದು ಮುಗಿದರೆ ಪ್ಲಾಟಿನ ದರ, ಅದೂ ಮುಗಿದರೆ ಯಾರ ಮಗಳು ಯಾರ ಗಾಡಿ ಹತ್ತಿದಳು ಎಂಬುದು. ಗ್ರಂಥಪಾಲಕ ತನ್ನ ಮೊಬೈಲಿನಲ್ಲಿ ಕುಸ್ತಿ ನೋಡುತ್ತಿದ್ದ, ದನಿ ಇಡೀ ಕೋಣೆಗೆ ಕೇಳುವಂತೆ.

ಮೂಲೆಯಲ್ಲಿ 'ಮಹಿಳಾ ವಿಭಾಗ' ಎಂಬ ಹಲಗೆಯಿತ್ತು. ಅದರ ಕೆಳಗೆ ಮುರಿದ ಕುರ್ಚಿಗಳು, ಉದ್ಘಾಟನೆಯ ದಿನದ ಫ್ಲೆಕ್ಸು, ಒಂದು ಕೂಲರ್.

"ಈ ಕೂಲರ್ ಯಾರದ್ರಿ?" ಎಂದು ಕೇಳಿದೆ.

"ನಮ್ಮನೀದು ಅಕ್ಕಾರ. ಬ್ಯಾಸಗಿ ಮುಗೀತಲ್ಲ, ಇಟ್ಟೇನಿ" ಎಂದ ಗ್ರಂಥಪಾಲಕ, ಕುಸ್ತಿಯಿಂದ ಕಣ್ಣು ತೆಗೆಯದೆ.

ಕೂಲರನ್ನು ಎಳೆದು ಅವನ ಮೇಜಿನ ಪಕ್ಕಕ್ಕೆ ನಿಲ್ಲಿಸಿದೆ. ಫ್ಲೆಕ್ಸಿನಲ್ಲಿದ್ದ ನಗುಮುಖಗಳನ್ನು ಮಡಚಿ ಹೊರಗಿಟ್ಟು, ನೆಟ್ಟಗಿದ್ದ ಒಂದು ಕುರ್ಚಿ ಒರೆಸಿಕೊಂಡು ಕುಳಿತೆ. ಯಾರೂ ಎದ್ದು ಕೈ ಹಚ್ಚಲಿಲ್ಲ. ಎಲ್ಲರೂ ನೋಡಿದರು.

ವಾರ ಕಳೆಯುವಷ್ಟರಲ್ಲಿ ಅವರ ಪೈಕಿ ಹಿರಿಯರೊಬ್ಬರು, ನಿವೃತ್ತ ಹೆಡ್‌ಮಾಸ್ತರರು, ನನ್ನ ಹತ್ತಿರ ಬಂದರು.

"ತಂಗೀ, ತಪ್ಪು ತಿಳೀಬ್ಯಾಡ. ನೀ ಇಲ್ಲಿ ಕುಂತ್ರ ನಮಗ ಮಾತಾಡಾಕ ಮುಜುಗರ ಆಗತೈತಿ."

"ಗ್ರಂಥಾಲಯಕ್ಕ ಮಾತಾಡಾಕ ಯಾಕ ಬರ್ತೀರಿ ಸರ?"

"ಮತ್ತೆಲ್ಲಿ ಹೋಗೂಣು? ಮನ್ಯಾಗ ಸೊಸಿ ಇರ್ತಾಳ."

ನಾಚಿಕೆಯಿಲ್ಲದೆ, ನನಗೆ ತಿಳಿಯಬೇಕಾದ ದೊಡ್ಡ ನ್ಯಾಯವೆಂಬಂತೆ ಹೇಳಿದರು. ಜೀವಮಾನವಿಡೀ ಮಕ್ಕಳಿಗೆ 'ಸುಮ್ಮನ ಕುಂದ್ರಿ' ಎಂದು ಬೆತ್ತ ಬೀಸಿದ ಮನುಷ್ಯ! ಹಿಂದೆಯೇ ಗ್ರಂಥಪಾಲಕ ಬಂದ.

"ಅಕ್ಕಾರ, ನಿಮಗ ಬೇಕಾದಷ್ಟು ಪುಸ್ತಕ ಮನಿಗೆ ಒಯ್ರಿ. ನಾ ಏನೂ ಬರ್ಕೊಳ್ಳಂಗಿಲ್ಲ. ಇಲ್ಲಿ ಕುಂದರೂದು ಬ್ಯಾಡ."

ಪುಸ್ತಕ ಹೋದರೂ ಚಿಂತೆಯಿಲ್ಲ, ಹರಟೆ ಕೆಡಬಾರದು! ನಾನು ಮುಂದಿನ ಪುಟ ತಿರುವಿದೆ.

ಮರುದಿನ ಅವರು ಹಟಕ್ಕೆ ಬಿದ್ದವರಂತೆ ದನಿ ಏರಿಸಿದರು. ಪತ್ರಿಕೆ ಓದುವವರು ಕ್ರಿಕೆಟ್ಟಿನ ಸುದ್ದಿಯನ್ನೂ ಭಾಷಣದಂತೆ ಓದತೊಡಗಿದರು. ನಾನು ಎದ್ದು ನಿಂತೆ. ಅರವತ್ತು ಮಕ್ಕಳ ತರಗತಿಯಲ್ಲಿ ಹಿಂದಿನ ಬೆಂಚಿಗೂ ಕೇಳಿಸುವ ನನ್ನ ದನಿಯಲ್ಲಿ ಆಡೂರಿನ ಶಾಸನದ ಮೇಲಿನ ಅಧ್ಯಾಯವನ್ನು ಮೊದಲಿನಿಂದ ಓದಲು ಶುರುಮಾಡಿದೆ. ಯಾವ ಅರಸ, ಯಾರಿಗೆ ದತ್ತಿ, ಹೊಲದ ಎಲ್ಲೆ ಯಾವುದು, ಒಂದನ್ನೂ ಬಿಡಲಿಲ್ಲ. ಅಡಿಟಿಪ್ಪಣಿಗಳನ್ನೂ ಓದಿದೆ. ಪತ್ರಿಕೆ ಓದುವವರು ಗಂಟಲು ಏರಿಸಿದರು, ಕೆಮ್ಮಿದರು, ಕಡೆಗೆ ನಿಲ್ಲಿಸಿದರು. ಕುಸ್ತಿಯೂ ನಿಂತಿತು.

ಹೆಡ್‌ಮಾಸ್ತರರು ಕೈ ಎತ್ತಿ, "ಸ್ವಲ್ಪ ಮೆಲ್ಲಕ ಓದವಾ. ಇದು ಲೈಬ್ರರಿ ಐತಿ" ಎಂದರು.

ಆ ಕೋಣೆಯಲ್ಲಿ ಆ ಮಾತನ್ನು ಅದಕ್ಕೂ ಮೊದಲು ಯಾರಾದರೂ ಆಡಿದ್ದರೋ ಇಲ್ಲವೋ. "ಆತ್ರಿ ಸರ. ಎಲ್ಲಾರೂ ಮನಸಿನ್ಯಾಗ ಓದೂಣು" ಎಂದು ಕುಳಿತೆ.

ನಾಲ್ಕಾರು ದಿನ ಇದೇ ನಡೆಯಿತು. ಅವರು ದನಿ ತೆಗೆದರೆ ನಾನೂ ತೆಗೆಯುತ್ತಿದ್ದೆ. ಆಮೇಲೆ ಮೂವರು ಪತ್ರಿಕೆಯ ಸಮೇತ ಚಹಾದಂಗಡಿಗೆ ಸ್ಥಳಾಂತರವಾದರು. ಉಳಿದವರು ಬಾಯಿ ಮುಚ್ಚಿಕೊಂಡು ಕೂರಲು ಕಲಿತರು. ಕಲಿತರು ಎಂದರೆ ನಿದ್ದೆ ಮಾಡತೊಡಗಿದರು. ಗೊರಕೆಯನ್ನು ಸಹಿಸಿಕೊಂಡೆ. ಅದರಲ್ಲಿ ಅಭಿಪ್ರಾಯಗಳಿರುವುದಿಲ್ಲ.

ಮಳೆಗಾಲವಿಡೀ ಅಲ್ಲೇ ಓದಿ ಪರೀಕ್ಷೆ ಬರೆದೆ. ಪಾಸೂ ಆದೆ. ನೇಮಕಾತಿ ಆದೇಶ ಬರುವತನಕ ಹೋಗುವುದನ್ನು ಬಿಡಲಿಲ್ಲ. ಅಷ್ಟರಲ್ಲಿ ಮಹಿಳಾ ವಿಭಾಗಕ್ಕೆ ಕಾಲೇಜಿನ ಇಬ್ಬರು ಹುಡುಗಿಯರು ಬರತೊಡಗಿದ್ದರು. ಹೊಸ ಕಾಲ ಬಂತೆಂದು ಹಿಗ್ಗುವಂಥದ್ದೇನೂ ಇರಲಿಲ್ಲ. ನೋಟ್ಸಿನ ಫೋಟೋ ಮೊಬೈಲಿನಲ್ಲಿ ಹೊಡೆದುಕೊಳ್ಳುವುದು, ಕಿಸಿಕಿಸಿ ನಗುವುದು. ಕಪಾಟಿನ ಕಡೆ ತಲೆಯೆತ್ತಿ ನೋಡಿದವರಲ್ಲ. ಒಂದು ದಿನ ಅವರಲ್ಲೊಬ್ಬಳು ನನ್ನನ್ನು ಅಲ್ಲಿನ ಸಿಬ್ಬಂದಿ ಎಂದುಕೊಂಡು, "ಅಕ್ಕಾರ, ಫ್ಯಾನ್ ಹಚ್ರಿ" ಎಂದಳು.

"ಸ್ವಿಚ್ ಅಲ್ಲೈತಿ. ಪುಸ್ತಕ ಇಲ್ಲಿ ಅದಾವ" ಎಂದೆ.

ಅವಳು ಎದ್ದು ಹೋಗಿ ಸ್ವಿಚ್ ಹಾಕಿಕೊಂಡಳು.