ಪಿಕಪ್‌ಗೆ ಒರಗಿ ಹೇಳಿದ ದೂರು

ಮಂಗಳವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ವರ್ಲೀನ್ ಸ್ಟಬ್ಸ್ ವಕೀಲ ಕೆಸ್ಲರ್ ಅವರ ಮೇಜಿನೆದುರು ಆರಿದ ಕಾಫಿ ಕುಡಿಯುತ್ತಿದ್ದಳು. ಪಶ್ಚಿಮ ಟೆಕ್ಸಾಸ್‌ನ ಆ ಪುಟ್ಟ ಪಟ್ಟಣದ ನೀರು ಶುದ್ಧೀಕರಣ ಘಟಕದಲ್ಲಿ ಅವಳು ಹತ್ತೊಂಬತ್ತು ವರ್ಷ ದುಡಿದಿದ್ದಳು. ಕುಡಿಯುವ ನೀರಿನಲ್ಲಿ ಕ್ಲೋರಿನ್ ಸಾಲದೆಂದು ರಾಜ್ಯದ ಅಧಿಕಾರಿಗಳಿಗೆ ಫೋನ್ ಮಾಡಿ ತಿಳಿಸಿದ ಮರುವಾರವೇ ಪಟ್ಟಣದ ಆಡಳಿತ ಅವಳನ್ನು ಕೆಲಸದಿಂದ ತೆಗೆದಿತ್ತು. ಆ ಕೆಲಸ ವಾಪಸ್ ಬೇಕೆಂದು ದಾವೆ ಹೂಡಲು ಬಂದಿದ್ದಳು.

"ಕೆಲಸದಿಂದ ತೆಗೆದ ತೊಂಬತ್ತು ದಿನದೊಳಗೆ ಪಟ್ಟಣದ ಕಚೇರಿಗೆ ದೂರು ಬರೆದು ಕೊಟ್ರಾ, ಮಿಸ್ ವರ್ಲೀನ್?" ಎಂದರು ಕೆಸ್ಲರ್.

"ಮಾರನೇ ದಿನಾನೇ ಡೇಲ್‌ಗೆ ಹೇಳ್ದೆ. ಪಟ್ಟಣದ ಕಚೇರಿ ಮ್ಯಾನೇಜರ್ ಅವನೇ ಅಲ್ವಾ?"

"ಎಲ್ಲಿ ಹೇಳಿದ್ರಿ?"

"ಫುಟ್‌ಬಾಲ್ ಮೈದಾನದ ಹತ್ರ, ಅವನ ಪಿಕಪ್ ಗಾಡಿಗೆ ಒರಗ್ಕೊಂಡು. 'ನೀನ್ ಸುಮ್ನಿರು, ನಾನ್ ನೋಡ್ಕೋತೀನಿ' ಅಂದ. ಸುಮ್ನಿದ್ದೆ. ನಮ್ಮೂರಲ್ಲಿ ಯಾವ ವ್ಯವಹಾರ ಕಾಗದದ ಮೇಲೆ ಆಗಿದೆ ಹೇಳಿ? ಚರ್ಚಿನ ಚಾವಣೀನೂ ಹಾಗೇ ಮಾತಲ್ಲೇ ಹಾಕಿಸಿದ್ದು."

"ಅದಕ್ಕೇ ಸೋರ್ತಿದೆ," ಎಂದರು ಕೆಸ್ಲರ್, ನಗದೆ. "ಮೊದಲು ಪಟ್ಟಣಕ್ಕೆ ಬರೆದು ಕೊಡದೆ ಕೋರ್ಟಿಗೆ ಹೋಗೋ ಹಾಗಿಲ್ಲ. ಗಡುವು ಹೋದ ತಿಂಗಳೇ ಮುಗೀತು. ನೀರಿನ ವಿಷಯ ಇನ್ನು ಯಾವ ಜಡ್ಜೂ ಕೇಳೋದಿಲ್ಲ."

ವರ್ಲೀನ್‌ಗೆ ಸಿಟ್ಟು ಬರಲಿಲ್ಲ; ಎದ್ದು ಕಾರಿನವರೆಗೆ ನಡೆಯಬೇಕಲ್ಲ ಎಂಬುದೇ ಭಾರವೆನಿಸಿತು.

"ನೀವಾದ್ರೂ ಕೇಳಿ," ಎಂದಳು.

ಕೆಸ್ಲರ್ ಪೆನ್ನು ಕೆಳಗಿಟ್ಟರು. "ರಾಜ್ಯದವರಿಗೆ ಎಷ್ಟು ಅಂತ ಹೇಳಿದ್ರಿ?"

"ಲೀಟರ್ ನೀರಿಗೆ ಕ್ಲೋರಿನ್ ಕನಿಷ್ಠ ಪಾಯಿಂಟ್ ಎರಡು ಮಿಲಿಗ್ರಾಂ ಇರ್ಬೇಕು. ನಾನು ಅಳೆದು ಹೇಳಿದ್ದು ಪಾಯಿಂಟ್ ಸೊನ್ನೆ ಆರು."