ಅತ್ಯಾನ ಗಜಗ

ಕುಂಡದ ಮಣ್ಣು ಕೆದರಿ ನೋಡಿದರೆ ಗಜಗದ ಬೀಜ ಹಾಕಿದ ಹಾಗೇ ಬಿದ್ದಿತ್ತು. ಮೊಳಕೆಯಂತೂ ಇಲ್ಲ, ಹೋಗಲಿ, ಕೊಳೆತಿರಲೂ ಇಲ್ಲ. ಬಿಸಿನೀರಿನಲ್ಲಿ ನೆನೆಸಿ ಹಾಕಿ, ಇಡೀ ಮಳೆಗಾಲ ಕಾದಿದ್ದೆ. ಆ ಬೂದುಬಣ್ಣದ ಗುಂಡು ಬೀಜ ಮಾತ್ರ ಈಗಷ್ಟೇ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಸಿಟ್ಟು ನೆತ್ತಿಗೇರಿ ಬಾಲ್ಕನಿಯ ಫರಸಿಗೆ ಎಸೆದೆ. ಟಕ್ ಎಂದಿತು. ಆ ಸದ್ದು ಕೇಳಿ ಎಷ್ಟು ವರ್ಷವಾಗಿತ್ತು!

ಚಿಕ್ಕಂದಿನಲ್ಲಿ, ಪುಣೆಯ ಹಳೆಯ ಪೇಠೆಯ ತೊಟ್ಟಿಮನೆಯಂಥ ವಾಡೆಯಲ್ಲಿ, ನಮ್ಮ ಮನೆ ತುಂಬ ಅದೇ ಸದ್ದು. ಅಪ್ಪನ ತಂಗಿ ಇಂದಿರಾ ಅತ್ಯಾ ನಮ್ಮ ಜೊತೆಗೇ ಇದ್ದಳು. ಧಾರವಾಡದಿಂದ ಬಂದು ಟೆಲಿಫೋನ್ ಆಫೀಸಿಗೆ ಸೇರಿದವಳು. ದಿನವಿಡೀ ಹಲೋ ಹಲೋ ಎಂದು ಸುಸ್ತಾಗಿ ಬಂದರೂ, ಚಹಾ ಕುಡಿದು, ತಣ್ಣನೆಯ ಶಹಾಬಾದ ಫರಸಿಯ ಮೇಲೆ ಕಾಲು ಮಡಚಿ ಕೂತು, ಬಟ್ಟೆಯ ಚಂಚಿಯಿಂದ ಗಜಗ ಸುರುವುತ್ತಿದ್ದಳು. ಒಂದನ್ನು ಮೇಲೆ ತೂರಿ, ಅದು ಇಳಿಯುವಷ್ಟರಲ್ಲಿ ಕೆಳಗಿನವನ್ನು ಬಾಚಿ, ಬೀಳುವುದನ್ನೂ ಹಿಡಿಯಬೇಕು. ಗಜಗಕ್ಕೆ ಸಾಗರಗೋಟೆ ಎನ್ನುತ್ತ ಆಡಲು ಬರುತ್ತಿದ್ದ ಅಕ್ಕಪಕ್ಕದ ಮರಾಠಿ ಹುಡುಗಿಯರಲ್ಲಿ ಒಬ್ಬಳೂ ಅವಳನ್ನು ಗೆದ್ದದ್ದಿಲ್ಲ. ಬೀಜಗಳು ಹಿತ್ತಲ ಗೋಡೆಗೆ ಹಬ್ಬಿದ ಮುಳ್ಳಿನ ಬಳ್ಳಿಯವು. ಮಳೆ ಬಂದರೆ ಆ ಬಳ್ಳಿಯ ಹಸಿ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು. ಅಣ್ಣನ ಚಾಳಿಯೇ ಬೇರೆ. ಬೀಜ ಕದ್ದು, ಮೆಟ್ಟಿಲ ಕಲ್ಲಿಗೆ ಗಸಗಸ ತಿಕ್ಕಿ, ಕಾದ ಕೂಡಲೇ ನನ್ನ ತೋಳಿಗೆ ಮುಟ್ಟಿಸುತ್ತಿದ್ದ. ನಾನು ಚೀರಿದರೆ ಒಳಗಿನಿಂದ ಅತ್ಯಾನ ದನಿ: "ಏ ಮಂಗ್ಯಾ! ತಿಕ್ಕಿ ಸವಸಬ್ಯಾಡಂದ್ರ ತಿಳೂದಿಲ್ಲೇನು? ಅದರಾಗೂ ಜೀವ ಅದ!"

ಅತ್ಯಾ ತೀರಿಕೊಂಡಳು. ಆಮೇಲೆ ಬಿಲ್ಡರ್ ಬಂದ, ಜೆಸಿಬಿ ಬಂತು, ಗೋಡೆಯ ಜೊತೆ ಬಳ್ಳಿಯೂ ಹೋಯಿತು. ನನಗೆ ಉಳಿದದ್ದು ಚಂಚಿಯೊಳಗಿನ ಬೀಜಗಳಷ್ಟೇ. ಇಲ್ಲಿನವರು ಟೇಕಡಿ ಎನ್ನುವ ಗುಡ್ಡದ ಮೇಲೆ ಈ ನೆಲದ್ದೇ ಗಿಡಬಳ್ಳಿ ಬೆಳೆಸುವ ಗುಂಪೊಂದಿದೆ, ಭಾನುವಾರ ಹೋಗುತ್ತೇನೆ. ಅಲ್ಲಿ ಎತ್ತ ನೋಡಿದರೂ ಹೊರದೇಶದಿಂದ ತಂದು ನೆಟ್ಟ ಗಿರಿಪುಷ್ಪದ ಮರಗಳು. ಗಜಗ ಹುಡುಕಿದರೂ ಇಲ್ಲ. ಅತ್ಯಾನ ಬಳ್ಳಿಯನ್ನು ಅಲ್ಲಿ ಹಬ್ಬಿಸಲೇಬೇಕೆಂದು ಹಟ ಹಿಡಿದೆ. ಗುಂಪಿನ ನರ್ಸರಿ ನೋಡಿಕೊಳ್ಳುವ ಮೃಣಾಲತಾಯಿ ಮೊದಲ ದಿನವೇ, "ಘಾಸೂನ್ ಲಾವಾ," ತಿಕ್ಕಿ ನೆಡಿ, ಎಂದಿದ್ದರು. ಸಿಪ್ಪೆ ಸವೆಯದೆ ನೀರು ಒಳಗಿಳಿಯುವುದಿಲ್ಲ, ನೀರಿಳಿಯದೆ ಮೊಳಕೆ ಏಳುವುದಿಲ್ಲ. ನನಗೇನು ತಿಳಿಯುವುದಿಲ್ಲವೇ? ಆದರೆ ಅತ್ಯಾ ಬೈದು ಬೈದು ಕಾಪಾಡಿದ ಬೀಜವನ್ನು ಕಲ್ಲಿಗೆ ಹಿಡಿಯಲು ಕೈ ಬರಲಿಲ್ಲ. ಹಾಗಾಗಿ ಬಿಸಿನೀರು, ಹಾಗಾಗಿ ಒಂದು ಮಳೆಗಾಲ ದಂಡ.

ರಾಂಜಣಗಾಂವದ ಕಾರ್ಖಾನೆಯಿಂದ ರಿಟೈರ್ ಆದ ಅಣ್ಣ ಅವತ್ತು ಮನೆಗೆ ಬಂದಿದ್ದ. ನಾನು ಎಸೆದ ಬೀಜವನ್ನು ಎತ್ತಿಕೊಂಡು, "ಇಷ್ಟಕ್ಕ ಯಾಕ ತಲಿ ಕೆಡಿಸ್ಕೋತಿ? ಈ ಕೆಲಸಾ ನನಗ ಭಾಳ ಛಲೋ ಬರ್ತದ," ಎಂದವನೇ ಬಾಲ್ಕನಿಯ ಒರಟು ಕಟ್ಟೆಗೆ ತಿಕ್ಕತೊಡಗಿದ. "ಹಗೂರಕ ಮಾರಾಯಾ, ತಿರುಳಿಗೆ ಹತ್ತಿದ್ರ ಮುಗೀತು!" ಎಂದೆ. ಬೂದುಬಣ್ಣ ಸವೆದು ಒಂದು ಕಡೆ ತಿಳಿಯಾಯಿತು. ಸುಟ್ಟ ವಾಸನೆ ಮೂಗಿಗೆ ಬಂತು. ಅಣ್ಣ ಕೈ ನಿಲ್ಲಿಸಿ ನನ್ನ ಮುಖ ನೋಡಿದ, ಮರುಕ್ಷಣವೇ ಬೀಜವನ್ನು ನನ್ನ ತೋಳಿಗೆ ಒತ್ತಿದ.

ನಾನು ಚೀರಿದೆ. ಇಬ್ಬರೂ ಒಟ್ಟಿಗೇ ಬಾಗಿಲ ಕಡೆ ತಿರುಗಿದೆವು. ಒಳಗಿನಿಂದ ಯಾರೂ ಬೈಯಲಿಲ್ಲ.