ಹೊರಗಿದ್ದಾಗಿನ ನೋವು

ನಮ್ಮ ಹೊನ್ನವಳ್ಳಿ ಕಡೆ ಮುಟ್ಟಾದವಳನ್ನು ‘ಹೊರಗಾಗಿದ್ದಾಳೆ’ ಅನ್ನುತ್ತಾರೆ. ಹಿತ್ತಿಲಲ್ಲಿ ಕೂರಿಸುವ ಪದ್ಧತಿ ನಮ್ಮ ಮನೆಯಲ್ಲಿ ಎಂದೋ ಹೋಯಿತು, ಮಾತು ಮಾತ್ರ ಹೋಗಲಿಲ್ಲ. ತಿಪಟೂರಿನ ಡಾಕ್ಟರು, ಎಳೆಯ ಮುಖದ ಬೇರೆ ಸೀಮೆಯವರು, "ಹೊಟ್ಟೆನೋವು ಯಾವಾಗ ಬರುತ್ತೆ?" ಎಂದಾಗ ನಾನು ನಾಚಿಕೊಂಡು "ಹೊರಗಿದ್ದಾಗ" ಅಂದೆ. ಬಿಸಿಲಲ್ಲಿ ಓಡಾಡಬೇಡಿ, ನೀರು ಚೆನ್ನಾಗಿ ಕುಡಿಯಿರಿ ಎಂದು ಅವರು ನೋವಿನ ಮಾತ್ರೆ ಬರೆದರು. ನಾನೊಬ್ಬಳು ಪೆದ್ದಿ, ತಲೆಯಾಡಿಸಿ ಬಂದೆ.

ಆ ಬೇಸಿಗೆ ಅರೆನಿದ್ದೆಯಲ್ಲೇ ಕಳೆಯಿತು. ಮುಟ್ಟು ಒಂದು ತಿಂಗಳು ಬಂದರೆ ಇನ್ನೊಂದು ತಿಂಗಳು ಇಲ್ಲ. ಮಾತ್ರೆ ನುಂಗಿ ಜಗಲಿಯ ಮೇಲೆ ಮಲಗಿದರೆ ತೆಂಗಿನ ಗರಿಗಳ ನೆರಳು ಸೀರೆಯ ಮೇಲೆ ಮೆಲ್ಲಗೆ ಆಡುತ್ತಿತ್ತು. ನೋವು ದೂರದ ತೋಟದ ಮೋಟಾರಿನಂತೆ ಎಲ್ಲೋ ಗುಂಯ್‌ಗುಡುತ್ತಿತ್ತು. ಅತ್ತೆ ಬಂದು ಹಣೆ ಸವರಿ, "ಮುಟ್ಟು ನಿಲ್ಲೋ ಕಾಲ ಕಣೇ, ತಡ್ಕೋ. ನಿಂತ್ರೆ ಎಲ್ಲಾ ಸರಿಹೋಯ್ತದೆ" ಅನ್ನುತ್ತಿದ್ದರು. ಅವರ ಕೈ ತಂಪಾಗಿತ್ತು, ನಂಬಿಬಿಡುತ್ತಿದ್ದೆ.

ಕೊನೆಗೆ ಎದ್ದು ನಡೆಯಲಾಗದೆ ಹೋದಾಗ ಅತ್ತೆಯೇ ಒಬ್ಬ ಲೇಡಿ ಡಾಕ್ಟರ ಬಳಿ ಕರೆದೊಯ್ದರು. ಆಕೆ ನಮ್ಮ ಪಕ್ಕದ ತುರುವೇಕೆರೆ ಕಡೆಯವರು. ‘ಹೊರಗಿದ್ದಾಗ’ ಅಂದ ಕೂಡಲೇ ಪೆನ್ನು ಕೆಳಗಿಟ್ಟು, "ಮೊದಲಿಂದಲೂ ಹಿಂಗೇನಾ?" ಎಂದರು. ಹೂಂ ಅಂದೆ. ಸ್ಕ್ಯಾನಿಂಗ್ ಕೋಣೆಯ ಮಬ್ಬಿನಲ್ಲಿ ಪರದೆಯ ಮೇಲೆ ಬೂದು ಬಣ್ಣದ ಏನೋ ತೇಲುತ್ತಿತ್ತು. ಅದು ನನ್ನದೇ ಒಡಲು ಅನ್ನಿಸಲಿಲ್ಲ.

"ಅಂಡಾಶಯದಲ್ಲಿ ಹಳೇ ರಕ್ತ ತುಂಬಿರೋ ಗಂಟು ಕಣ್ರೀ. ಹೊರಗಾಗಬೇಕಾದ್ದು ಒಳಗೂ ಆಗ್ತಾ ಬಂದಿದೆ. ಎಂಡೋಮೆಟ್ರಿಯೋಸಿಸ್ ಅನ್ನೋ ಕಾಯಿಲೆ ಇದ್ದಂಗಿದೆ. ಆದ್ರೆ ನಿಮ್ಮ ವಯಸ್ಸಲ್ಲಿ ಕ್ಯಾನ್ಸರ್ ಅಲ್ಲ ಅಂತ ಸ್ಕ್ಯಾನ್ ನೋಡಿ ಗ್ಯಾರಂಟಿ ಹೇಳಕ್ಕಾಗಲ್ಲ. ರಕ್ತ ಪರೀಕ್ಷೆಯಲ್ಲೂ ಗೊತ್ತಾಗಲ್ಲ, ಅದರಲ್ಲಿ ನೋಡೋ ಅಂಶ ಎರಡು ಕಾಯಿಲೆಗೂ ಏರುತ್ತೆ. ತೆಗೆದು ಪರೀಕ್ಷೆಗೆ ಕಳಿಸೋಣ."

ಕ್ಯಾನ್ಸರ್ ಅನ್ನುವ ಮಾತು ಕೇಳುವವರೆಗೆ, ಇನ್ನೂ ಬದುಕಬೇಕೆಂಬ ಆಸೆ ಇಷ್ಟೊಂದು ಇದೆಯೆಂದು ನನಗೇ ಗೊತ್ತಿರಲಿಲ್ಲ. ಆಪರೇಷನ್ ಆಯಿತು.

ಕ್ಯಾನ್ಸರ್ ಅಲ್ಲ, ಡಾಕ್ಟರು ಮೊದಲು ಊಹಿಸಿದ್ದೇ ಎಂದು ರಿಪೋರ್ಟ್ ಬಂತು. ಊರಿಗೆ ಮರಳುವ ಬಸ್ಸಿನಲ್ಲಿ ನಾನು ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಿದ್ದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು:

"ಇಷ್ಟು ವರ್ಷ ಇಂಥಾ ನೋವಿದೆ ಅಂತ ಯಾಕೆ ಅನ್ನಲಿಲ್ಲ ನೀನು?"

"ಅಂದಿದ್ದೆ ಅತ್ತೆ."

ಅವರು ತಮ್ಮ ತಂಪು ಕೈಯನ್ನು ನನ್ನ ಹಣೆಯ ಮೇಲಿಟ್ಟರು.

"ನಾನೂ ಅಂದಿದ್ದೆ ಕಣೇ, ನಮ್ಮತ್ತೆಗೆ."